ತಿರುವುಮುರುವಾದ ಎರಡು ಫೋಟೋ

ಆದೋನಿ ಸ್ಟೇಷನ್

ನಾನು ಇಂಗ್ಲೆಂಡ್ ನೋಡಿಬಂದದ್ದು ಕಸ ಕೀಳಿಸಿದ್ದರ ಪುಣ್ಯದಿಂದ. ಹೀಗೆ ಹೇಳಿದರೆ ಓದುವವರಿಗೆ ನಗು ಬರಬಹುದು, ಬರಲಿ. ಈ ಪ್ರವಾಸದ ಬಗ್ಗೆ ಊರಿನಲ್ಲಿ ಮೂರು ಸಲ ಭಾಷಣ ಮಾಡಿದ್ದೇನೆ. ಮೂರು ಸಲವೂ ವಿಮಾನ, ಚಳಿ, ಅಲ್ಲಿಯವರ ಶಿಸ್ತು ಎಂದೆಲ್ಲ ಹೇಳಿ ಚಪ್ಪಾಳೆ ತೆಗೆದುಕೊಂಡು, ಹೇಳಲೇಬೇಕಾಗಿದ್ದ ಮಾತನ್ನು ನುಂಗಿಕೊಂಡು ಮನೆಗೆ ಬಂದಿದ್ದೇನೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಆದೋನಿಯ ಅಂಚಿನಲ್ಲಿ, ಹತ್ತಿ ಮಿಲ್ಲುಗಳ ಆಚೆಗಿದ್ದ ಒಂದು ಪ್ರೌಢಶಾಲೆಗೆ ನಾನು ಹೆಡ್ಮಾಸ್ಟರಾಗಿದ್ದೆ. ಮಕ್ಕಳಲ್ಲಿ ಅರ್ಧ ಕನ್ನಡ ಮೀಡಿಯಂ, ಅರ್ಧ ತೆಲುಗು ಮೀಡಿಯಂ. ಮೇಲಿನಿಂದ ಬರುವ ಸುತ್ತೋಲೆಗಳು ಮಾತ್ರ ಪೂರಾ ತೆಲುಗು. ಒಂದು ಸಲ, ಪ್ರೌಢಶಾಲೆಗಳಲ್ಲಿ ‘ಪರಿಸರಾಲ ವಿದ್ಯ’ಕ್ಕೆ ಮುಖ್ಯೋಪಾಧ್ಯಾಯರು ಬೆನ್ನಿಗೆ ನಿಲ್ಲಬೇಕು ಎಂಬ ಸುತ್ತೋಲೆ ಬಂತು. ತೆಲುಗಿನಲ್ಲಿ ಪರಿಸರಾಲು ಎಂದರೆ ಸುತ್ತಮುತ್ತಲಿನ ಜಾಗ. ‘ಪರಿಸರಾಲು ಶುಭ್ರಂಗಾ ಉಂಚಂಡಿ’, ಸುತ್ತಮುತ್ತ ಚೊಕ್ಕಟವಾಗಿಡಿ, ಎಂದು ಆಸ್ಪತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬರೆದದ್ದನ್ನು ಓದಿ ಓದಿ, ಆ ಶಬ್ದ ಕಂಡರೆ ನನಗೆ ಪೊರಕೆಯೇ ನೆನಪಾಗುತ್ತಿತ್ತು. ಸುತ್ತೋಲೆಯ ಮೊದಲ ಸಾಲು ಓದಿ, ಉಳಿದ ಎರಡು ಪುಟ ಬಿಟ್ಟು, ಡ್ರಿಲ್ ಮಾಸ್ತರನ್ನು ಕರೆಸಿದೆ.

ಶಾಲೆಯ ಹಿಂದೆ, ಬಿದ್ದ ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಮುಳ್ಳು, ಪೊದೆ, ಹುಲ್ಲು ಬೆಳೆದುಕೊಂಡಿತ್ತು. ಸೈನ್ಸ್ ಹೇಳುತ್ತಿದ್ದ ವಿಶಾಲಾಕ್ಷಿ ಟೀಚರು ಎರಡು ವರ್ಷದಿಂದ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಯಾವ ಮಳೆಗೆ ಯಾವ ಗಿಡ ಎದ್ದಿತು, ಯಾವ ಗಿಡಕ್ಕೆ ಯಾವ ಹುಳ ಬಂತು ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆಕೆ ಎಮ್ಮಿಗನೂರಿನ ಮಗ್ಗದ ಮನೆಯ ಹೆಣ್ಣುಮಗಳು. ಸಣ್ಣ ದನಿ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ನನ್ನ ಹತ್ತಿರ ಮೂರು ಸಲ ಬಂದು ಒಂದೇ ಮಾತು ಕೇಳಿದ್ದರು.

“ಸಾರ್, ಅಲ್ಲಿ ಒಂದು ಬೋರ್ಡ್ ಹಾಕ್ಸ್ರಿ ಸಾರ್. ಇದನ್ನ ಕೀಳಬ್ಯಾಡ್ರಿ ಅಂತ. ನಿಮ್ಮ ಹೆಸರಿದ್ರ ಯಾರೂ ಮುಟ್ಟೂದಿಲ್ಲ.”

“ನೋಡೋಣಮ್ಮ,” ಎಂದು ಮೂರು ಸಲವೂ ಹೇಳಿದ್ದೆ. ನಮ್ಮ ಇಲಾಖೆಯಲ್ಲಿ ‘ನೋಡೋಣ’ ಎಂದರೆ ನೋಡುವುದಿಲ್ಲ ಎಂದು ಅರ್ಥ. ಅದು ಆಕೆಗೂ ಗೊತ್ತಿತ್ತು.

ಇನ್‌ಸ್ಪೆಕ್ಷನ್ ವಾರದಲ್ಲಿ ಆ ಮೂಲೆಯನ್ನು ಬೋಳು ಮಾಡಿಸಿದೆ. ಕೀಳಿಸಿದ್ದು ಒಂಬತ್ತನೇ ತರಗತಿಯ ಮಕ್ಕಳಿಂದಲೇ, ಡ್ರಿಲ್ ಪೀರಿಯಡ್ಡಿನಲ್ಲಿ. ನೆಲ ಸಮ ಮಾಡಿಸಿ, ಅಂಚಿಗೆ ಕಲ್ಲು ಜೋಡಿಸಿ, ಸುಣ್ಣ ಬಳಿಸಿ, ಆರು ಕ್ರೋಟನ್ ಕುಂಡ ಇಡಿಸಿದೆ. ವಿಶಾಲಾಕ್ಷಿ ಟೀಚರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, “ಎರಡು ವರ್ಷದ್ದು ಒಂದು ತಾಸಿನ್ಯಾಗ ಕಿತ್ತುಹಾಕಿಸಿದ್ರಿ ಸಾರ್,” ಎಂದರು. ಇಷ್ಟೇ ಮಾತು. ಅದಕ್ಕೆ ನಾನು ಮೆಮೊ ಕೊಟ್ಟೆ. ಆವರಣದಲ್ಲಿ ಕಸ ಬೆಳೆಯಗೊಟ್ಟದ್ದಕ್ಕೂ ಮೇಲಿನವರಿಗೆ ಎದುರುತ್ತರ ಕೊಟ್ಟದ್ದಕ್ಕೂ ಸಮಜಾಯಿಷಿ ಕೊಡಿ ಎಂದು ಬರೆದು, ಸಹಿ ಹಾಕಿ, ಸರ್ವಿಸ್ ರಿಜಿಸ್ಟರಿಗೆ ಸೇರಿಸಿದೆ.

ನಮಗೆ ಸ್ವಚ್ಛ ಶಾಲೆಯ ಶೀಲ್ಡು ಬಂತು. ಅದರ ಹಿಂದೆಯೇ, ಪರಿಸರ ಶಿಕ್ಷಣಕ್ಕೆ ದುಡಿದ ಹೆಡ್ಮಾಸ್ಟರುಗಳನ್ನು ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ಶಾಲೆಯೊಂದಕ್ಕೆ ಕಳಿಸುವ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನಮ್ಮ ಕಡೆಯಿಂದ ಇಬ್ಬರು. ಇನ್ನೊಬ್ಬರು ದೇವನಕೊಂಡದ ಕಡೆಯ ಹಳ್ಳಿಯೊಂದರ ಹೆಡ್ಮಾಸ್ಟರ್ ಹನುಮಂತಪ್ಪ. ಅವರ ತಂದೆ ಕುರಿ ಕಾಯುತ್ತಿದ್ದವರು, ಅವರೂ ಎಸ್ಸೆಸ್ಸೆಲ್ಸಿವರೆಗೆ ಕುರಿಯ ಹಿಂದೆ ಓಡಾಡಿದವರು. ಪುರೋಹಿತರ ಮನೆಯಲ್ಲಿ ಹುಟ್ಟಿದ ನಾನು, ಇವರು ಅಲ್ಲಿ ಹೋಗಿ ಏನು ಕಲಿತಾರು ಎಂದುಕೊಂಡಿದ್ದೆ. ಇದನ್ನೂ ಬರೆದುಬಿಡುತ್ತೇನೆ, ಮುಚ್ಚಿಟ್ಟು ಏನು ಉಪಯೋಗ.

ಆದೋನಿ ಸ್ಟೇಷನ್ನಿನಲ್ಲಿ ಬೊಂಬಾಯಿಯ ಗಾಡಿ ಹತ್ತಿ ಕೂತಮೇಲೆ ಅವರಿಗೆ ಎರಡು ಫೋಟೋ ತೋರಿಸಿದೆ. ಮೊದಲನೆಯದರಲ್ಲಿ ಪೊದೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಬರೆಯುತ್ತಿರುವ ಮಕ್ಕಳು. ವಿಶಾಲಾಕ್ಷಿ ಟೀಚರು ಸ್ಟುಡಿಯೋದವನನ್ನು ಕರೆಸಿ ತೆಗೆಸಿದ್ದು. ಸ್ಟಾಫ್ ರೂಮಿನ ಗೋಡೆಯಿಂದ ಕೇಳದೆ ಕಿತ್ತುಕೊಂಡು ಬಂದಿದ್ದೆ. ಎರಡನೆಯದರಲ್ಲಿ ಬಿಳಿ ಕಲ್ಲು, ಬೋಳು ನೆಲ, ಕ್ರೋಟನ್, ನಡುವೆ ಶೀಲ್ಡು ಹಿಡಿದ ನಾನು.

“ಇದು ಮೊದಲು, ಇದು ಆಮೇಲೆ,” ಎಂದೆ.

ಹನುಮಂತಪ್ಪ ಬಹಳ ಹೊತ್ತು ನೋಡಿದರು. “ಮೊದಲಿಂದು ಛಲೋ ಐತಲ್ರೀ ಆಚಾರ್ರ,” ಎಂದರು.

ಕುರಿಗೆ ಮೇವು ಕಂಡಿರಬೇಕು ಎಂದು ಒಳಗೇ ನಕ್ಕು ಫೋಟೋಗಳನ್ನು ಚೀಲದಲ್ಲಿ ಇಟ್ಟೆ.

ವಿಮಾನ ಇಳಿದಮೇಲೆ

ಲಂಡನ್ನಿನಲ್ಲಿ ನನ್ನ ಪೆಟ್ಟಿಗೆ ತೆರೆಸಿದರು. ಗೋಪಿಚಂದನದ ಗಡ್ಡೆ ಕಂಡು ಅಧಿಕಾರಿ ಹುಬ್ಬು ಏರಿಸಿದ. ಅದರ ಪಕ್ಕದಲ್ಲೇ ಶಂಖ ಚಕ್ರದ ಮುದ್ರೆಗಳು. ಏನೋ ಪುಡಿ, ಮೇಲೆ ಕಳ್ಳ ಸೀಲು ಒತ್ತುವ ಅಚ್ಚುಗಳು ಎಂದುಕೊಂಡನೋ ಏನೋ, ಇನ್ನಿಬ್ಬರನ್ನು ಕರೆದ. ನನ್ನ ಇಂಗ್ಲಿಷು ವ್ಯಾಕರಣ ಪುಸ್ತಕದ್ದು, ಬೇಕಾದಾಗ ಬಾಯಿಗೆ ಬರಲಿಲ್ಲ. ಹನುಮಂತಪ್ಪನವರು ಗೋಪಿಚಂದನವನ್ನು ಅಂಗೈಯಲ್ಲಿ ತೇದು, ಮುದ್ರೆ ಅದ್ದಿ, ನನ್ನ ತೋಳಿಗೆ ಒತ್ತಿ, “ಪ್ರೇಯರ್,” ಎಂದು ಒಂದೇ ಶಬ್ದ ಹೇಳಿದರು. ಮೂವರೂ ತಲೆ ತಗ್ಗಿಸಿ ದಾರಿ ಬಿಟ್ಟರು. ಸ್ನಾನವಿಲ್ಲದೆ, ಬೂಟು ಹಾಕಿಕೊಂಡು ಮುದ್ರೆ ಒತ್ತಿಸಿಕೊಂಡ ನಾನು ತೋಳು ಒರೆಸಿಕೊಳ್ಳುವುದೋ ಬೇಡವೋ ತಿಳಿಯದೆ ನಡೆದೆ.

ಅಲ್ಲಿಂದ ರೈಲಿನಲ್ಲಿ ನಾಲ್ಕು ತಾಸು. ಕಿಟಕಿಯಾಚೆ ಎಲ್ಲಿ ನೋಡಿದರೂ ಹಸಿರು. ನಮ್ಮಲ್ಲಿ ಮೇ ತಿಂಗಳಲ್ಲಿ ಎರೆ ಭೂಮಿ ಬಾಯಿಬಿಟ್ಟು ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದಿರುತ್ತದೆ. ಗಾಡಿಯಲ್ಲಿ ಯಾರೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಎದುರಿಗೆ ಕೂತ ಮುದುಕ ಎರಡು ತಾಸಿನ ಮೇಲೆ, “ಇವತ್ತು ಮಳೆ ಬರಲಿಕ್ಕಿಲ್ಲ,” ಎಂದು ಹೇಳಿ ಮತ್ತೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡ. ನಮ್ಮ ಗಾಡಿಗಳಲ್ಲಿ ಅಷ್ಟು ಹೊತ್ತಿಗೆ ಮಗಳ ಮದುವೆಯ ಮಾತು ಮುಗಿದು ಬುತ್ತಿ ಬಿಚ್ಚಿರುತ್ತದೆ.

ಪಾಮರಮ್ಮನ ಹಿತ್ತಲು

ನಾವು ನೋಡಬೇಕಾಗಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿಯ ಮನೆಯಲ್ಲೇ ನಮ್ಮ ವಸತಿ. ಆಕೆಯ ಹೆಸರನ್ನು ಅಲ್ಲಿಯವರು ‘ಮಿಸೆಸ್ ಪಾಮರ್’ ಎಂದು ಉಚ್ಚರಿಸುತ್ತಿದ್ದರು. ಹನುಮಂತಪ್ಪನವರಿಗೆ ಅದು ಬಲು ಖುಷಿಯಾಯಿತು. “ಆಕಿ ಪಾಮರಮ್ಮ, ನೀವು ಪಂಡಿತರು. ಜೋಡಿ ಸರಿಯಾಗೈತಿ,” ಎಂದರು. ನಮ್ಮಿಬ್ಬರ ನಡುವೆ ಆಕೆ ಕೊನೆಯವರೆಗೂ ಪಾಮರಮ್ಮನೇ ಆದರು. ಐವತ್ತೈದರ ಸುಮಾರು, ಎತ್ತರ, ಉದ್ದ ಹೆಜ್ಜೆ. ಊಟವಾದ ಮೇಲೆ ಆಕೆ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು. ಆಕೆಯ ಗಂಡ ಏಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುತ್ತಿದ್ದರು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಗೋಡೆಯ ಗಡಿಯಾರ ನೋಡುತ್ತಿದ್ದೆ.

ಮರುದಿನ ಬೆಳಗಿನ ಜಾವ ಎದ್ದೆ. ಹಿತ್ತಲಿನಲ್ಲಿ ಹೂವಿನ ಸಾಲುಗಳ ಆಚೆ, ಬೇಲಿಯ ಹತ್ತಿರ, ಮೊಣಕಾಲೆತ್ತರದ ಕಳೆ ಬೆಳೆದು ನಿಂತಿತ್ತು. ಇಷ್ಟು ಅಚ್ಚುಕಟ್ಟಾದ ಮನೆಯಲ್ಲಿ ಇದೇನು ಅಸಡ್ಡೆ, ಉಂಡ ಮನೆಗೆ ನನ್ನ ಕೈಲಾದ ಸೇವೆ ಮಾಡೋಣ ಎಂದು ಎರಡೂ ಕೈಯಲ್ಲಿ ಹಿಡಿದು ಕೀಳತೊಡಗಿದೆ. ಹತ್ತು ಗಿಡ ಕಿತ್ತಿರಬೇಕು. ಅಂಗೈ, ಮೊಳಕೈವರೆಗೆ ಬೆಂಕಿ ಬಿದ್ದಂತೆ ಉರಿ ಹತ್ತಿತು. ದದ್ದು ಎದ್ದಿತು. ಅದು ಅಲ್ಲಿಯ ತುರಿಕೆ ಗಿಡ.

ಪಾಮರಮ್ಮ ರಾತ್ರಿಯ ಗೌನಿನಲ್ಲೇ ಓಡಿಬಂದರು. ಮೊದಲು ನನ್ನ ಕೈ ನೋಡಿದರು, ಆಮೇಲೆ ಕಿತ್ತ ಗಿಡಗಳನ್ನು. ಬೇಲಿಯ ಬುಡದಿಂದ ಅಗಲ ಎಲೆಯ ಇನ್ನೊಂದು ಗಿಡ ಮುರಿದು, ಅದನ್ನು ಅರೆದು ನನ್ನ ಕೈಗೆ ಉಜ್ಜಿದರು. ಆಮೇಲೆ ಮೊಣಕಾಲೂರಿ ಕೂತು, ನಾನು ಬಿಸಾಡಿದ್ದ ಗಿಡಗಳನ್ನು ಒಂದೊಂದಾಗಿ ಎತ್ತಿ ಎಲೆಯ ಕೆಳಗೆ ನೋಡಿದರು. ಅಲ್ಲಿ ಕರಿ ಕಂಬಳಿಹುಳಗಳು ಗೊಂಚಲಾಗಿದ್ದವು. ಅವನ್ನು ಒಂದೊಂದಾಗಿ ಉಳಿದ ಗಿಡಗಳ ಮೇಲೆ ಬಿಟ್ಟರು.

“ಇವು ಚಿಟ್ಟೆಯಾಗುತ್ತವೆ. ಈ ಗಿಡ ಬಿಟ್ಟು ಬೇರೆ ತಿನ್ನುವುದಿಲ್ಲ. ಅದಕ್ಕೇ ಬಿಟ್ಟಿದ್ದೇನೆ,” ಎಂದರು. “ತಪ್ಪು ನನ್ನದೇ. ಮೊದಲೇ ಹೇಳಬೇಕಾಗಿತ್ತು.”

ಗದರಿಸಿದ್ದರೆ ಒಳ್ಳೆಯದಿತ್ತು. ತಿಂಡಿಯ ಹೊತ್ತಿಗೆ ಚಮಚ ಹಿಡಿಯಲಾರದಷ್ಟು ಕೈ ಊದಿತ್ತು.

ಶಾಲೆಯ ಹುಲ್ಲು

ಶಾಲೆಯ ಕಟ್ಟಡ ನಮ್ಮದಕ್ಕಿಂತ ಚಂದವೇನಿರಲಿಲ್ಲ. ಮುಂದೆ ಕತ್ತರಿಸಿದ ಹುಲ್ಲಿನ ಮೈದಾನ. ಅದರ ತುದಿಯಲ್ಲಿ ಕಾಲುಭಾಗ ಮಾತ್ರ ಕತ್ತರಿಸದೆ ಬಿಟ್ಟಿದ್ದರು. ಸೊಂಟದೆತ್ತರ ಹುಲ್ಲು, ಮುಳ್ಳುಪೊದೆ, ಒಂದು ಕೊಳೆತ ಮರದ ಬೊಡ್ಡೆ, ಒಂದು ನೀರಿನ ಹೊಂಡ. ಅಂಚಿನಲ್ಲಿ ಒಂದು ಬೋರ್ಡು. ಓದಿದೆ.

‘ಇಲ್ಲಿ ಹುಲ್ಲು ಕತ್ತರಿಸಬಾರದು. ಏನಾದರೂ ಕೇಳುವುದಿದ್ದರೆ ಮುಖ್ಯೋಪಾಧ್ಯಾಯಿನಿಯನ್ನು ಕೇಳಿ.’ ಕೆಳಗೆ ಆಕೆಯ ಸಹಿ.

ವಿಶಾಲಾಕ್ಷಿ ಟೀಚರು ಮೂರು ಸಲ ಕೇಳಿದ್ದ ಬೋರ್ಡು ಇದೇ. ಹನುಮಂತಪ್ಪನವರು ಓದಿ ನನ್ನ ಕಡೆ ನೋಡಲಿಲ್ಲ. ಅವರಿಗೆ ಆ ಬೋರ್ಡಿನ ಕಥೆ ಗೊತ್ತಿರಲಿಲ್ಲ, ಆದರೂ ಬೇಕೆಂದೇ ನೋಡಲಿಲ್ಲ ಎಂದು ನನಗೆ ಅನಿಸಿತು.

ಪಾಮರಮ್ಮ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೊಂಡದ ಹತ್ತಿರ ಇಳಿದರು. ಅಲ್ಲಿ ಮಕ್ಕಳು ಬಲೆ ಬೀಸಿ ಹುಳ ಹಿಡಿದು, ಎಣಿಸಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಪಾಠ ಮಾಡುತ್ತಿದ್ದವನು ಒಬ್ಬ ಎಳೆಯ ಮೇಷ್ಟ್ರು. ಪಾಮರಮ್ಮ ಮಕ್ಕಳ ನಡುವೆ ಕೂತು, “ಇದು ಯಾವುದಪ್ಪ, ನನಗೆ ತಿಳಿಯದು,” ಎಂದು ಕೇಳುತ್ತಿದ್ದರು. ಒಬ್ಬ ಹುಡುಗ ಆಕೆ ಬರೆದುಕೊಂಡದ್ದನ್ನು ತಿದ್ದಿದ. ನಮ್ಮ ಶಾಲೆಯಲ್ಲಿ ನಾನು ತರಗತಿಯ ಬಾಗಿಲಿಗೆ ಬಂದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರು, ನಾನು ಹೋಗುವವರೆಗೆ ಪಾಠ ನಿಲ್ಲುತ್ತಿತ್ತು. ಅದನ್ನು ಗೌರವ ಎಂದುಕೊಂಡಿದ್ದೆ.

ಪರಿಸರ ಶಿಕ್ಷಣಕ್ಕೆ ಹೆಡ್ಮಾಸ್ಟರರ ಬೆಂಬಲ ಎಂದರೆ ಏನು ಎಂದು ನೋಟ್‌ಬುಕ್ಕು ತೆರೆದು ಕೇಳಿದೆ. ಅಂಶಗಳನ್ನು ಒಂದು, ಎರಡು ಎಂದು ಬರೆದುಕೊಳ್ಳುವ ಲೆಕ್ಕಾಚಾರ ನನ್ನದು. ಆಕೆ ಬೂಟಿನ ಕೆಸರು ಹುಲ್ಲಿಗೆ ಒರೆಸುತ್ತ ಯೋಚಿಸಿದರು.

“ಪಾಠವನ್ನು ಮಾಡುವವರು ಅವರು, ನಾನಲ್ಲ. ಪುರಸಭೆಯವರು ಹುಲ್ಲು ಕತ್ತರಿಸುವ ಮಶೀನು ತಂದಾಗ ಅಡ್ಡ ನಿಲ್ಲುವುದು ನನ್ನ ಕೆಲಸ. ಬಟ್ಟೆ ಕೆಸರಾಯಿತೆಂದು ತಾಯಂದಿರು ಬಂದರೆ ಬೈಸಿಕೊಳ್ಳುವುದು ನನ್ನ ಕೆಲಸ. ವಾರಕ್ಕೊಂದು ಮಧ್ಯಾಹ್ನ ಟೈಮ್‌ಟೇಬಲ್ಲಿನಲ್ಲಿ ತೆಗೆದಿಟ್ಟು, ಅದನ್ನು ಬೇರೆಯವರು ಕಸಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಒಳ್ಳೆಯ ಕೆಲಸ ಮಾಡಿದ ಮೇಷ್ಟ್ರಿಗೆ ಅದಕ್ಕಾಗಿ ಬೈಗುಳ ಬೀಳಬಾರದು, ಅಷ್ಟೇ.”

ನಾನು ಬರೆದುಕೊಳ್ಳಲಿಲ್ಲ. ಕೈ ಊದಿದೆ ಎಂದು ನೆಪ ಹೇಳಿದೆ.

ನನ್ನ ಎಡ, ಆಕೆಯ ಬಲ

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಚಹಾ ಕೊಟ್ಟರು. ನಿಮ್ಮ ಶಾಲೆಯದು ಏನಾದರೂ ತೋರಿಸಿ ಎಂದರು. ಆ ಬೋರ್ಡು ಓದಿದಮೇಲೆ ಫೋಟೋ ತೆಗೆಯುವ ಮನಸ್ಸೇ ಇರಲಿಲ್ಲ. ಆದರೆ ತರುತ್ತೇನೆಂದು ಮೊದಲೇ ಕಾಗದ ಬರೆದಿದ್ದೆ. ಎರಡನ್ನೂ ಮೇಜಿನ ಮೇಲೆ ಇಟ್ಟೆ. ಎಡಕ್ಕೆ ಮೊದಲಿನದು, ಬಲಕ್ಕೆ ಆಮೇಲಿನದು.

ಪಾಮರಮ್ಮ ಮೇಜಿನ ಆಚೆ ಬದಿಗೆ ಕೂತಿದ್ದರು. ನನ್ನ ಎಡ ಆಕೆಯ ಬಲ. ಆಕೆ ಬೋಳು ನೆಲದ ಫೋಟೋವನ್ನು ಮೊದಲು ಎತ್ತಿಕೊಂಡು ನೋಡಿದರು. ಶೀಲ್ಡಿನ ಮೇಲಿದ್ದದ್ದು ತೆಲುಗು, ಅದು ಯಾತಕ್ಕೆ ಸಿಕ್ಕಿತೆಂದು ಆಕೆಗೆ ತಿಳಿಯುವಂತಿರಲಿಲ್ಲ. ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಪೊದೆಗಳ ಫೋಟೋ ಎತ್ತಿಕೊಂಡರು. ಅವರ ಮುಖ ಅರಳಿತು.

“ಅಂಥ ಬೋಳು ನೆಲದಿಂದ ಇದನ್ನು ಬೆಳೆಸಿದಿರಾ? ಎಷ್ಟು ವರ್ಷ ಹಿಡಿಯಿತು?”

ಅಲ್ಲ, ಪೊದೆ ಮೊದಲು, ಬೋಳು ಆಮೇಲೆ. ಇಷ್ಟು ಹೇಳಲು ಎಷ್ಟು ಇಂಗ್ಲಿಷು ಬೇಕು? ನನ್ನ ಹತ್ತಿರ ಅಷ್ಟು ಇತ್ತು. ಎಂಟು ಮಂದಿ ಮೇಷ್ಟ್ರುಗಳು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು, “ಎರಡು ವರ್ಷ.”

ಪಾಮರಮ್ಮ ಫೋಟೋವನ್ನು ಎಲ್ಲರಿಗೂ ದಾಟಿಸಿದರು. ಇಂಥ ಮುಖ್ಯೋಪಾಧ್ಯಾಯರು ಸಿಕ್ಕ ಶಿಕ್ಷಕರು ಪುಣ್ಯವಂತರು ಎಂಬ ಅರ್ಥದ ಮಾತು ಹೇಳಿದರು. ಹನುಮಂತಪ್ಪ ಚಹಾದ ಕಪ್ಪಿನೊಳಗೆ ನೋಡುತ್ತ ಕೂತಿದ್ದರು.

ಮನೆಗೆ ನಡೆದು ಹೋಗುವಾಗ ಅವರು ನಾಲ್ಕು ಹೆಜ್ಜೆ ಮುಂದೆ ನಡೆದರು. ತಿರುವಿನಲ್ಲಿ ನಿಂತರು.

“ಆಚಾರ್ರ, ಒಂದು ಮಾತು ಕೇಳ್ಲ್ಯಾ? ಆ ಮಕ್ಕಳ ಫೋಟೋ ಮಾಡ್ಸಿದ್ದು ಯಾರು?”

“ನಮ್ಮ ಸೈನ್ಸ್ ಟೀಚರು. ವಿಶಾಲಾಕ್ಷಿ ಅಂತ.”

“ಆಕಿ ಎಲ್ಲದಾರ ಈಗ?”

“ನಮ್ಮಲ್ಲೇ ಇದ್ದಾರ. ಒಂದು ಮೆಮೊ ಕೊಟ್ಟೀನಿ,” ಎಂದೆ. ಯಾಕೆ ಹೇಳಿದೆನೋ, ಹೇಳಿಬಿಟ್ಟೆ.

ಅವರು, “ಸರೇ ಲೆಂಡಿ ಸಾರ್,” ಆಯ್ತು ಬಿಡಿ ಎಂದು ತೆಲುಗಿನಲ್ಲಿ ಹೇಳಿ ಮುಂದೆ ನಡೆದರು. ಅವರು ನನ್ನೊಡನೆ ತೆಲುಗು ಮಾತಾಡುವುದು ಆಫೀಸಿನ ವ್ಯವಹಾರಕ್ಕೆ ಮಾತ್ರ. ಆ ಸಂಜೆಯಿಂದ ಎರಡು ದಿನ ನಾನು ‘ಆಚಾರ್ರು’ ಆಗಿರಲಿಲ್ಲ, ‘ಸಾರ್’ ಆಗಿದ್ದೆ.

ಶುಕ್ರವಾರದ ತರಗತಿ

ಶುಕ್ರವಾರ ನಮ್ಮಿಬ್ಬರನ್ನೂ ಮಕ್ಕಳ ಮುಂದೆ ಕೂರಿಸಿದರು. ನಿಮ್ಮ ದೇಶದ ಗಿಡಗಳ ಬಗ್ಗೆ ಹೇಳಿ ಎಂದರು. ಇದು ನನ್ನ ಅಖಾಡ ಎಂದು ಎದೆಯುಬ್ಬಿಸಿದೆ. ಗಣೇಶನ ಹಬ್ಬದಲ್ಲಿ ಇಪ್ಪತ್ತೊಂದು ಬಗೆಯ ಎಲೆಗಳಿಂದ ಪೂಜೆ ಮಾಡುತ್ತೇವೆ, ನಮ್ಮ ಸಂಸ್ಕೃತಿಯಲ್ಲೇ ಪರಿಸರ ಪ್ರೇಮ ಇದೆ ಎಂದು ಶುರುಮಾಡಿ, ಏಳನೇ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ರಾಗವಾಗಿ ಹೇಳಿದೆ. ಮಾಚೀ, ಬೃಹತೀ, ಬಿಲ್ವ, ದೂರ್ವಾ, ದತ್ತೂರ, ಬದರೀ, ಅಪಾಮಾರ್ಗ ಎಂದು ಒಂದೂ ತಪ್ಪದೆ ಇಪ್ಪತ್ತೊಂದೂ ಹೇಳಿ ಮುಗಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿದ್ದ, ಹಲ್ಲಿಗೆ ತಂತಿ ಹಾಕಿಕೊಂಡ ಹುಡುಗಿಯೊಬ್ಬಳು ಕೈಯೆತ್ತಿದಳು. “ಅಪಾಮಾರ್ಗ ಹೇಗಿರುತ್ತದೆ? ಬೋರ್ಡಿನ ಮೇಲೆ ಬರೆದು ತೋರಿಸುತ್ತೀರಾ?”

ಚಾಕ್‌ಪೀಸ್ ಹಿಡಿದು ನಿಂತೆ. ಐವತ್ತು ವರ್ಷದಿಂದ ಆ ಹೆಸರು ನಾಲಿಗೆಯ ಮೇಲಿದೆ. ಎಲೆಗಳನ್ನು ಯಾರೋ ತಂದುಕೊಡುತ್ತಿದ್ದರು, ತಟ್ಟೆಯಿಂದ ಎತ್ತಿ ಏರಿಸುತ್ತಿದ್ದೆ. ಯಾವ ಹೆಸರಿಗೆ ಯಾವ ಎಲೆ ಎಂದು ನೋಡಿಯೇ ಇರಲಿಲ್ಲ. ಏನೂ ತೋಚದೆ ವೀಳ್ಯದೆಲೆಯಂತೆ ಒಂದು ಎಲೆ ಬರೆದೆ.

ಹನುಮಂತಪ್ಪ ಎದ್ದು ಬಂದು ಚಾಕ್‌ಪೀಸ್ ತೆಗೆದುಕೊಂಡರು. ನಾನು ಬರೆದದ್ದನ್ನು ಒರೆಸಲಿಲ್ಲ, ಪಕ್ಕದಲ್ಲಿ ಬರೆದರು. ನೆಟ್ಟಗಿನ ಉದ್ದ ತೆನೆ, ಅದರ ಮೈತುಂಬ ಕೆಳಮುಖವಾಗಿ ಬಾಗಿದ ಮುಳ್ಳಿನಂಥ ಕಾಳುಗಳು.

“ನಾವು ಇದನ್ನು ಉತ್ತರಾಣಿ ಅನ್ನುತ್ತೇವೆ,” ಎಂದು ತಮ್ಮ ಹಳ್ಳಿ ಇಂಗ್ಲಿಷಿನಲ್ಲಿ ಹೇಳಿದರು. “ಕುರಿಯ ಉಣ್ಣೆಗೆ ಹತ್ತಿಕೊಂಡರೆ ಬಿಡುವುದಿಲ್ಲ. ಹೀಗೆ ತನ್ನ ಬೀಜವನ್ನು ಊರಿಂದ ಊರಿಗೆ ಕಳಿಸುತ್ತದೆ. ಚಿಕ್ಕವನಿದ್ದಾಗ ಸಂಜೆಯೆಲ್ಲ ಬಿಡಿಸುವುದೇ ನನ್ನ ಕೆಲಸ.”

ಆ ಹುಡುಗಿ ನಮ್ಮ ಶಾಲೆಯ ಪೊದೆಗಳ ಫೋಟೋ ಕೈಯಲ್ಲಿ ಹಿಡಿದಿದ್ದಳು; ಪಾಮರಮ್ಮ ಅದನ್ನು ತರಗತಿಗೆ ಕೊಟ್ಟಿದ್ದರು. ಅವಳು ಕಣ್ಣಿಗೆ ಹತ್ತಿರ ಹಿಡಿದು, “ಇಲ್ಲಿ ಇದೆಯಲ್ಲ, ಇದೇ ಅಲ್ಲವೇ?” ಎಂದಳು.

ಹನುಮಂತಪ್ಪ ಬಗ್ಗಿ ನೋಡಿದರು. “ಹೌದು. ಉತ್ತರಾಣಿ. ಇದು ಗರಿಕೆ. ಗೋಡೆಯ ಹತ್ತಿರ ಉಮ್ಮತ್ತಿ. ಆ ಹುಡುಗನ ಹಿಂದೆ ಬಾರೆಹಣ್ಣಿನ ಗಿಡ. ಅದು ಎಕ್ಕೆ,” ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ಅದೇ ಹೆಸರುಗಳನ್ನು ಸಂಸ್ಕೃತದಲ್ಲಿ ಹೇಳುವಂತೆ ನನ್ನನ್ನು ಕೇಳಿದರು. ಅಪಾಮಾರ್ಗ, ದೂರ್ವಾ, ದತ್ತೂರ, ಬದರೀ, ಅರ್ಕ ಎಂದು ನಾನು ಒಂದೊಂದಾಗಿ ಹೇಳಿದೆ. ಹೇಳುತ್ತ ಹೋದಂತೆ ದನಿ ಇಳಿಯಿತು. ನಾನು ಕಸ ಎಂದು ಬರೆದು ಮೆಮೊ ಕೊಟ್ಟದ್ದು ಇವಕ್ಕೆ.

“ಹಾಗಾದರೆ ನಿಮ್ಮ ಪೂಜೆಯ ಗಿಡಗಳು ನಿಮ್ಮ ಶಾಲೆಯಲ್ಲೇ ಇವೆ,” ಎಂದಳು ಹುಡುಗಿ, ಸಂತೋಷದಿಂದ.

ನಾನು ಹೌದೆಂದು ತಲೆಯಾಡಿಸಿದೆ. ಅದು ಎರಡನೆಯ ಸುಳ್ಳು. ಇದನ್ನು ಬರೆಯುವಾಗಲೂ ಆ ಹುಡುಗಿಯ ಹಲ್ಲಿನ ತಂತಿ ಕಣ್ಣಿಗೆ ಕಟ್ಟುತ್ತದೆ, ನಾಚಿಕೆ ಹಾಗೆಯೇ ಇದೆ.

ಹೊರಡುವ ಪ್ಲಾಟ್‌ಫಾರಂ

ಹೊರಡುವ ದಿನ ಆ ತರಗತಿಯ ಮಕ್ಕಳು ಬರೆದ ಕಾಗದಗಳ ಒಂದು ಕಟ್ಟನ್ನು ಪಾಮರಮ್ಮ ನನ್ನ ಕೈಗಿಟ್ಟರು. ಲಕೋಟೆಯ ಮೇಲೆ ‘ಗೋಡೆ ಮೂಲೆಯ ಮಕ್ಕಳಿಗೂ ಅವರ ಟೀಚರಿಗೂ’ ಎಂದು ಬರೆದಿತ್ತು. ಈ ಸಲದ ಮಳೆಗೆ ಯಾವ ಗಿಡ ಮೊದಲು ಬಂತು, ಬರೆಯಿರಿ ಎಂದು ಎಲ್ಲರೂ ಕೇಳಿದ್ದಾರೆ ಎಂದರು. ಎರಡು ಫೋಟೋಗಳ ಪ್ರತಿ ಮಾಡಿಸಿ ಕಳಿಸಿ, ಗೋಡೆಗೆ ಹಾಕುತ್ತೇವೆ ಎಂದರು.

ಗಾಡಿ ಬರಲು ಹತ್ತು ನಿಮಿಷವಿತ್ತು. ಈಗ ಹೇಳದಿದ್ದರೆ ಇನ್ನಿಲ್ಲ ಎಂದು ಗಂಟಲು ಸರಿಮಾಡಿಕೊಂಡೆ. “ಆ ಫೋಟೋಗಳ ವಿಷಯ…” ಎಂದೆ.

“ನನಗೆ ಅವು ಎಷ್ಟು ಧೈರ್ಯ ಕೊಟ್ಟವು ನಿಮಗೆ ಗೊತ್ತಿಲ್ಲ,” ಎಂದರು ಆಕೆ. “ಮುಂದಿನ ತಿಂಗಳು ಪುರಸಭೆಯವರು ಮತ್ತೆ ಬರುತ್ತಾರೆ. ಹುಲ್ಲು ಕತ್ತರಿಸಲೇಬೇಕು ಅನ್ನುತ್ತಾರೆ. ಇಂಡಿಯಾದಲ್ಲಿ, ಮಳೆಯೇ ಸರಿಯಾಗಿ ಬಾರದ ಊರಿನಲ್ಲಿ, ಬೋಳು ನೆಲವನ್ನು ಹೀಗೆ ಮಾಡಿದ ಹೆಡ್ಮಾಸ್ಟರ್ ಒಬ್ಬರಿದ್ದಾರೆ ಎಂದು ಅವರಿಗೆ ಹೇಳುತ್ತೇನೆ.”

ಆಮೇಲೆ ಆಕೆ ಹವೆಯ ಬಗ್ಗೆ ಏನೋ ಹೇಳಿದರು, ನಾನೂ ಹವೆಯ ಬಗ್ಗೆ ಹೇಳಿದೆ. ಗಾಡಿ ಬಂತು. ಕಿಟಕಿಯಿಂದ ನೋಡಿದರೆ ಆಕೆ ಇನ್ನೂ ಕೈ ಬೀಸುತ್ತಿದ್ದರು.

ಹನುಮಂತಪ್ಪ ಎದುರಿಗೆ ಕೂತು ಬಾಯಿ ತೆರೆದರು. “ಆಚಾರ್ರ, ಆಕಿ ನಿಮ್ಮನ್ನ ನಂಬ್ಯಾಳ. ನಂಬಿ ಮಂದಿ ಮುಂದ ನಿಂದರ್ತಾಳ.”

ಮತ್ತೆ ಆಚಾರ್ರು ಎಂದದ್ದಕ್ಕೆ ನನಗೆ ಅಳುವೇ ಬಂದಂತಾಯಿತು.

ಮತ್ತೆ ಆದೋನಿ

ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ ಎರಡು ಹದ ಮಳೆ ಬಿದ್ದಿತ್ತು. ಮೊದಲ ದಿನ ಪ್ರಾರ್ಥನೆ ಮುಗಿದಮೇಲೆ ವಿಶಾಲಾಕ್ಷಿ ಟೀಚರನ್ನು ಕರೆಸಿದೆ. ಆಕೆ ಬಂದು ಕುರ್ಚಿಯ ಹಿಂದೆ ನಿಂತರು. ಕೂಡ್ರಿ ಎಂದರೂ ಕೂಡಲಿಲ್ಲ.

ಇಂಗ್ಲೆಂಡಿನದನ್ನೆಲ್ಲ ಮೊದಲಿನಿಂದ ಹೇಳಿದೆ. ಫೋಟೋ ಕದ್ದದ್ದು, ಮೇಜು, ಎಡ ಬಲ, ಎರಡು ವರ್ಷ ಎಂದದ್ದು, ಉತ್ತರಾಣಿ. ಕಾಗದಗಳ ಕಟ್ಟು ಮುಂದಿಟ್ಟೆ. ಮೆಮೊ ತೆಗೆದು ಹರಿಯಲು ಹೋದೆ.

“ಹರಿದ್ರ ಹೋಗೂದಿಲ್ಲ ಸಾರ್,” ಎಂದರು ಆಕೆ. “ರಿಜಿಸ್ಟರಿನ್ಯಾಗ ಎಂಟ್ರಿ ಐತಿ.”

ರಿಜಿಸ್ಟರ್ ತರಿಸಿ, ತಪ್ಪು ನನ್ನದು, ಮೆಮೊ ಹಿಂತೆಗೆದುಕೊಂಡಿದ್ದೇನೆ ಎಂದು ಬರೆದೆ. ಆಕೆ ಅದನ್ನು ಎರಡು ಸಲ ಓದಿದರು. ಧನ್ಯವಾದ ಹೇಳಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ.

“ಮಕ್ಕಳಿಗೆ ನೀವೇ ಹೇಳ್ರಿ ಸಾರ್,” ಎಂದರು. “ಆ ಕ್ಲಾಸು ಈಗ ಟೆಂತಿಗೆ ಬಂದೈತಿ.”

ಹತ್ತನೇ ತರಗತಿಗೆ ಹೋದೆ. ಮಕ್ಕಳು ಎದ್ದು ನಿಂತರು. ಕೂತುಕೊಳ್ಳಿ ಎಂದು ನಾನೇ ನಿಂತು ಹೇಳಿದೆ. ಕಾಗದಗಳನ್ನು ಹಂಚಿ, ಅಲ್ಲಿಯ ಮಕ್ಕಳು ಏನು ತಿಳಿದಿದ್ದಾರೆ, ಯಾಕೆ ಹಾಗೆ ತಿಳಿದಿದ್ದಾರೆ ಎಂದು ಬಿಡಿಸಿ ಹೇಳಿ, ಇದ್ದದ್ದು ಇದ್ದಂತೆ ಉತ್ತರ ಬರೆಯಿರಿ ಎಂದೆ. ಕೊನೆಗೆ ಕಿಟಕಿಯ ಹತ್ತಿರದ ಹುಡುಗಿ, ಈರಮ್ಮ ಎಂದು ಹೆಸರು, ಎದ್ದಳು.

“ಸಾರ್, ಕಿತ್ತಿದ್ದು ನಾವೇ. ಅದನ್ನೂ ಬರೀಬೇಕೇನ್ರಿ?”

ಅವಳ ಮುಖ ನೋಡಿದೆ. ಏಳು ತಿಂಗಳಿನಿಂದ ಆ ಮಕ್ಕಳು ಅದನ್ನು ತಮ್ಮ ತಪ್ಪು ಎಂದು ಹೊತ್ತುಕೊಂಡಿದ್ದರು. ತಾವೇ ನೋಡಿ, ಎಣಿಸಿ, ಬರೆದಿಟ್ಟದ್ದನ್ನು ತಮ್ಮ ಕೈಯಿಂದಲೇ ಕಿತ್ತವರು ಅವರು. ನನಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

“ಕಿತ್ತವರು ನೀವಲ್ಲ, ಹೆಡ್ಮಾ‌ಸ್ಟರು ಅಂತ ಬರೀರಿ,” ಎಂದೆ.

“ಕೈ ನಮ್ಮವು ಸಾರ್,” ಎಂದಳು ಈರಮ್ಮ. “ಹಂಗ ಬರದ್ರ ಅದೂ ಸುಳ್ಳ ಆಗ್ತೈತಿ.”

ನಾನು ಜೊತೆಗೆ ಬಂದಿದ್ದ ವಿಶಾಲಾಕ್ಷಿ ಟೀಚರ ಕಡೆ ನೋಡಿದೆ. ಆಕೆ ಮಕ್ಕಳಿಗೆ, “ಬಾಯಿ ಅವರದು, ಕೈ ನಮ್ಮದು ಅಂತ ಬರೀರಿ. ಈಗ ಎದ್ದು ಬರ್ರಿ, ಏನೇನು ಚಿಗತೈತಿ ನೋಡಿ ಬರೋಣು,” ಎಂದರು.

ಎಲ್ಲರೂ ಹಿಂದಿನ ಮೂಲೆಗೆ ಹೋದೆವು. ಸುಣ್ಣದ ಕಲ್ಲುಗಳ ನಡುವೆ ಬೆರಳುದ್ದ ಹಸಿರು ಅಲ್ಲಲ್ಲಿ ಎದ್ದಿತ್ತು. ಕ್ರೋಟನ್ನುಗಳು ಬೇಸಿಗೆಗೆ ಒಣಗಿ ಹೋಗಿದ್ದವು. ಮಕ್ಕಳು ಕೂತು ನೋಡಿ ಬರೆದುಕೊಂಡರು. ನಾನೂ ಕೂತೆ. ಇದು ಯಾವುದಮ್ಮ ಎಂದು ಈರಮ್ಮನನ್ನು ಕೇಳಿದೆ. ಇನ್ನೂ ಎರಡೆಲೆ ಸಾರ್, ಈಗಲೇ ಹೇಳಲಿಕ್ಕೆ ಬರೂದಿಲ್ಲ ಎಂದಳು.

ಕಾಗದಗಳನ್ನು ಕಳಿಸುವ ದಿನ ವಿಶಾಲಾಕ್ಷಿ ಟೀಚರು ಎರಡು ಫೋಟೋಗಳ ಪ್ರತಿಗಳನ್ನು ನನ್ನ ಮೇಜಿನ ಮೇಲೆ ಬೋರಲಾಗಿ ಇಟ್ಟರು. ಪಕ್ಕದಲ್ಲಿ ಪೆನ್ನು ಇಟ್ಟರು.

“ಯಾವುದು ಮೊದಲು, ಯಾವುದು ಆಮೇಲೆ, ನೀವೇ ಬರೀರಿ ಸಾರ್. ಈ ಸಲ ಯಾವ ಕಡೆ ಕುಂತು ನೋಡಿದ್ರೂ ತಪ್ಪಬಾರದು.”

ಪೊದೆಗಳ ಮಕ್ಕಳ ಫೋಟೋದ ಹಿಂದೆ ‘ಮೊದಲು’ ಎಂದು ಇಂಗ್ಲಿಷಿನಲ್ಲಿ ಬರೆದೆ. ಶೀಲ್ಡು ಹಿಡಿದು ನಾನು ನಿಂತಿದ್ದ ಫೋಟೋದ ಹಿಂದೆ ‘ಆಮೇಲೆ’ ಎಂದು ಬರೆದೆ. ಎರಡರ ಕೆಳಗೂ ಸಹಿ ಹಾಕಿದೆ, ಮೆಮೊದ ಕೆಳಗೆ ಹಾಕಿದ್ದ ಅದೇ ಸಹಿ.